ಊದುಬತ್ತಿ ಉರಿಯುವ ತನಕ

ಪೊರ್ಬುಗಳಿಗೆ ಎಡಗಡೆಯ ಹುಬ್ಬು ಇರಲಿಲ್ಲ. ಯಾವುದೋ ಕಾಲದಲ್ಲಿ ಒಂದು ಹಳೆಯ ಜೀಪಿನ ಕಾರ್ಬುರೇಟರಿಗೆ ಬಗ್ಗಿ ನೋಡುವಾಗ ಭಗ್ಗೆಂದು ಬೆಂಕಿ ಹತ್ತಿ ಸುಟ್ಟುಹೋದದ್ದು ಮತ್ತೆ ಹುಟ್ಟಲೇ ಇಲ್ಲವಂತೆ. ಹಾಗಾಗಿ ಅವರಿಗೆ ಆಶ್ಚರ್ಯವಾದರೆ ಅದು ಅರ್ಧ ಮುಖದಲ್ಲಿ ಮಾತ್ರ ಕಾಣುತ್ತಿತ್ತು. ಬಲಗಡೆಯ ನರೆತ ದಪ್ಪ ಹುಬ್ಬು ಹಣೆಯ ಮೇಲಕ್ಕೆ ಹತ್ತುತ್ತಿತ್ತು. ಎಡಗಡೆ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನುಣ್ಣಗೆ ಇರುತ್ತಿತ್ತು. ಅವರು ತಮಾಷೆ ಮಾಡುತ್ತಿದ್ದಾರೋ ನಿಜವಾಗಿ ಕೇಳುತ್ತಿದ್ದಾರೋ ಎಂದು ತಿಳಿಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬು ಎಂದು ಕರೆಯುವುದು ವಾಡಿಕೆ. ತೋಡಾರಿನಲ್ಲಿ ರಸ್ತೆಬದಿಗೆ ಅವರ ಗ್ಯಾರೇಜು, ಹಿಂದೆ ಮನೆ. ಅವರ ಹೆಸರು ಬೋರ್ಡಿನ ಮೇಲೆ ಇತ್ತು, ಆದರೆ ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ನಾನೂ ಇಲ್ಲಿ ಕರೆಯುವುದಿಲ್ಲ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅವರ ಮಾತು ಕೋಳಿಸಾರು ಇಲ್ಲದ ರೊಟ್ಟಿಯ ಹಾಗೆ ಸ್ವಲ್ಪ ಒಣಗುತ್ತದೆ. ಓದುವವರು ಸಾರನ್ನು ಊಹಿಸಿಕೊಳ್ಳಬೇಕು.

ರೊಟ್ಟಿಯ ಹೋಲಿಕೆ ಸುಮ್ಮನೆ ಬಂದದ್ದಲ್ಲ, ಅದು ನನ್ನ ಕಸುಬು. ನರಿಕೊಂಬಿನ ನಮ್ಮ ಮನೆಯಲ್ಲಿ ಅತ್ತೆಯೂ ನಾನೂ ಕೋಳಿಸಾರಿನ ಜತೆ ತಿನ್ನುವ ಕೋರಿ ರೊಟ್ಟಿ ಮಾಡುತ್ತೇವೆ. ಕುಚ್ಚಲಕ್ಕಿ ಅರೆದು, ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಹರಡಿ, ಗರಿಗರಿಯಾಗಿ ಎತ್ತುವ ರೊಟ್ಟಿ. ಮಾಡುವುದು ಕಷ್ಟವಲ್ಲ, ಮುರಿಯದ ಹಾಗೆ ಅಂಗಡಿಗೆ ಮುಟ್ಟಿಸುವುದು ಕಷ್ಟ. ಮೊದಲು ಒಬ್ಬ ಏಜೆಂಟ್ ತನ್ನ ಟೆಂಪೋದಲ್ಲಿ ಒಯ್ಯುತ್ತಿದ್ದ. ಸಿಮೆಂಟು ಚೀಲವೂ ನಮ್ಮ ರೊಟ್ಟಿಯೂ ಅವನಿಗೆ ಒಂದೇ. ಅರ್ಧ ಪುಡಿಯಾಗಿ ವಾಪಸು ಬರುತ್ತಿತ್ತು, ತಪ್ಪು ಮಾತ್ರ ನಮ್ಮದೇ ಆಗುತ್ತಿತ್ತು. ಕೊನೆಗೆ ಗಲ್ಫಿನಲ್ಲಿದ್ದ ಗಂಡನನ್ನು ಫೋನಿನಲ್ಲಿ ಕಾಡಿ ಒಪ್ಪಿಸಿ, ಒಂದು ಹಳೆಯ ಪಿಕಪ್ ತೆಗೆಸಿ, ಡ್ರೈವಿಂಗ್ ಕಲಿತು ನಾನೇ ಹೊರಟೆ. ಒಂದು ದಿನ ಬೆಳ್ತಂಗಡಿ, ಮರುದಿನ ಬಂಟ್ವಾಳ ದಾಟಿ ಮೂಡುಬಿದಿರೆ, ಅಲ್ಲಿಂದ ತೋಡಾರು, ಪೊಳಲಿ ಸುತ್ತಿ ಮನೆಗೆ. ಸ್ಟಿಯರಿಂಗ್ ಹಿಡಿದ ಮೇಲೆ ಊರು ನನ್ನದಾಯಿತು. ಇದನ್ನು ಬೇರೆ ಹೇಗೆ ಹೇಳುವುದೆಂದು ನನಗೆ ಗೊತ್ತಿಲ್ಲ. ಅದುವರೆಗೆ ನಾನು ಯಾರದ್ದೋ ಸೊಸೆ, ಯಾರದ್ದೋ ಹೆಂಡತಿ ಆಗಿದ್ದೆ. ಆಮೇಲೆ ಮೂರೂ ಪೇಟೆಯಲ್ಲಿ ರೊಟ್ಟಿ ಅಕ್ಕ ಆದೆ.

ಆ ಹೆಸರು ಇಟ್ಟದ್ದು ಪೊರ್ಬುಗಳೇ. ನನ್ನ ಅಪ್ಪನ ಪ್ರಾಯದವರು ನನ್ನನ್ನು ಅಕ್ಕ ಎನ್ನುವುದು ಏನು ಚಂದ ಎಂದು ನಾನು ಕೇಳಿದಾಗ, "ರೊಟ್ಟಿ ಕೊಡುವವರೆಲ್ಲ ನನಗೆ ಅಕ್ಕನೇ" ಎಂದಿದ್ದರು. ಅವರು ಇಡೀ ರೊಟ್ಟಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಮುರಿದ ಚೂರುಗಳದೇ ಒಂದು ಪೊಟ್ಟಣ ಅವರಿಗಾಗಿ ಇರಬೇಕು. ಅದನ್ನು ಹಾಲಿಲ್ಲದ ಚಹಾದೊಂದಿಗೆ ಕುರುಕುರು ತಿನ್ನುತ್ತ, "ಅಂಗಡಿಯವರು ದಡ್ಡರು ಮಾರಾಯ್ರೆ, ಮುರಿದದ್ದಕ್ಕೆ ರುಚಿ ಜಾಸ್ತಿ" ಎನ್ನುತ್ತಿದ್ದರು.

ಅವರ ಗ್ಯಾರೇಜಿಗೆ ಒಂದು ಕ್ರಮ ಇತ್ತು. ಗಾಡಿ ತಂದವರು ಮೊದಲು ಬಾಗಿಲ ಬಳಿಯ ಹಲಸಿನ ಮರದ ಬೆಂಚಿನಲ್ಲಿ ಕುಳಿತು ಕತೆ ಹೇಳಬೇಕು. ಕತೆ ಮುಗಿಯದೆ ಅವರು ಬಾನೆಟ್ ಎತ್ತುತ್ತಿರಲಿಲ್ಲ. ಎಲ್ಲಿ ಹೋಗಿದ್ದಿರಿ, ಏನು ಹೇರಿದ್ದಿರಿ, ಜತೆಯಲ್ಲಿ ಯಾರಿದ್ದರು, ಮಳೆ ಬಂದಿತ್ತೋ, ಊಟ ಆಗಿತ್ತೋ. ಅರ್ಜೆಂಟು ಇದ್ದವರಿಗೆ ತಲೆ ಕೆಡುತ್ತಿತ್ತು. ಒಮ್ಮೆ ಬೆಳ್ತಂಗಡಿ ಕಡೆಯ ರಬ್ಬರ್ ತೋಟದವರೊಬ್ಬರು ಬಂದು, ಬ್ರೇಕ್ ಒತ್ತಿದರೂ ಜೀಪು ಮುಂದಕ್ಕೆ ನುಗ್ಗುತ್ತದೆ ಎಂದು ಹೆದರಿಕೊಂಡೇ ಹೇಳಿದರು. ಕತೆ ಕೇಳುತ್ತ ಹೋದ ಪೊರ್ಬುಗಳ ಹುಬ್ಬು ಮೇಲೆ ಹೋಯಿತು. "ಚಪ್ಪಲಿ ಹೊಸತಾ?" ಎಂದರು. ಹೊಸತು, ಮಗಳು ತಂದುಕೊಟ್ಟದ್ದು, ಅಗಲ ಅಟ್ಟೆಯದ್ದು. ಬ್ರೇಕ್ ಒತ್ತುವಾಗ ಅದರ ಅಂಚು ಪಕ್ಕದ ಆಕ್ಸಿಲರೇಟರನ್ನೂ ಒತ್ತುತ್ತಿತ್ತು. "ಜೀಪಿಗೆ ಎಂತ ಆಗಲಿಲ್ಲ. ಚಪ್ಪಲಿಯನ್ನು ಮದುವೆಗೆ ಇಟ್ಟುಕೊಳ್ಳಿ" ಎಂದು ಕಳಿಸಿದರು. ಆ ದಿನ ಬೆಂಚಿನ ಇನ್ನೊಂದು ತುದಿಯಲ್ಲಿ ನಾನಿದ್ದೆ. ನನ್ನ ಕಡೆ ತಿರುಗಿ, "ಗಾಡಿ ಸುಳ್ಳು ಹೇಳುವುದಿಲ್ಲ ಅಕ್ಕಾ. ಗಾಡಿಯವರು ಅರ್ಧ ಹೇಳ್ತಾರೆ" ಎಂದರು. ಆ ಮಾತು ನನಗೇ ತಿರುಗಿ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಒಂದು ಬೇಸಗೆಯಲ್ಲಿ ನನ್ನ ಪಿಕಪ್ ನಿಲ್ಲತೊಡಗಿತು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವಾಗ ಒಂದು ಉದ್ದದ ಏರು ಸಿಗುತ್ತದೆ. ಏರಿನ ತಲೆಯಲ್ಲಿ, ಕಾಸರಕದ ಮರದ ಬುಡದಲ್ಲಿ, ಗುಳಿಗನ ಕಟ್ಟೆ. ಗುಳಿಗ ನಮ್ಮ ಜಾಗ ಕಾಯುವ ದೈವ. ಕಲ್ಲಿನ ರೂಪದಲ್ಲಿ ಕೂತಿರುತ್ತಾನೆ, ಸಿಟ್ಟಿಗೆ ಹೆಸರಾದವನು. ಸರಿಯಾಗಿ ಅಲ್ಲಿಗೆ ಮುಟ್ಟುವಾಗ ಇಂಜಿನ್ ಒಂದು ಮಾತೂ ಹೇಳದೆ ಆಫ್. ಮೊದಲ ದಿನ ಕೀ ತಿರುಗಿಸಿ ತಿರುಗಿಸಿ ಬ್ಯಾಟರಿಯೇ ಮುಗಿಯುವ ಹಾಗಾಯಿತು. ಸುಮಾರು ಹೊತ್ತು ಬಿಟ್ಟು ತಿರುಗಿಸಿದಾಗ ಚಾಲು ಆಯಿತು. ಮತ್ತೊಂದು ವಾರ ಅದೇ ಜಾಗ, ಅದೇ ಕತೆ.

ಮನೆಯ ಹತ್ತಿರ ತೋರಿಸಿದ ಕಡೆ ಕಂಪ್ಯೂಟರ್ ಸಿಕ್ಕಿಸಿ ನೋಡಿದರು. ಅದರಲ್ಲಿ ಏನೂ ಕಾಣಲಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದರು, ಟ್ಯಾಂಕ್ ತೊಳೆದರು. ಗಾಡಿ ಕಟ್ಟೆಯವರೆಗೆ ಚಂದವಾಗಿ ಹೋಗಿ ಚಂದವಾಗಿ ನಿಂತಿತು. ಆಗ ಅತ್ತೆ ಬಾಯಿ ಬಿಟ್ಟರು. "ಗಾಡಿ ತಂದ ದಿನ ಆ ಕಟ್ಟೆಗೆ ಒಂದು ಕಾಯಿ ಒಡೆದಿದ್ದೀಯಾ? ಇಲ್ಲ. ಅವ ಸುಮ್ಮನೆ ಬಿಡ್ತಾನಾ?" ಅವರೇ ಕ್ರಮವನ್ನೂ ಹೇಳಿಕೊಟ್ಟರು. ನಿಂತ ಕೂಡಲೇ ಇಳಿಯಬೇಕು. ಕಾಯಿ ಒಡೆಯಬೇಕು, ಊದುಬತ್ತಿ ಹಚ್ಚಬೇಕು, ಅದು ಪೂರ್ತಿ ಉರಿಯುವ ತನಕ ಕೀ ಮುಟ್ಟಬಾರದು. ಹೆಂಗಸರು ಕಟ್ಟೆಯಲ್ಲಿ ಕಾಯಿ ಒಡೆಯುವುದುಂಟೇ ಎಂದು ಕೇಳುವವರು ಕೇಳಲಿ. ಆ ಏರಿನಲ್ಲಿ ನಾನಲ್ಲದೆ ಬೇರೆ ಯಾರೂ ಇರುತ್ತಿರಲಿಲ್ಲ.

ಮಾಡಿದೆ. ಗಾಡಿ ಒಂದೇ ಸಲಕ್ಕೆ ಚಾಲು ಆಯಿತು. ಮುಂದಿನ ಸಲವೂ ಆಯಿತು, ಅದರ ಮುಂದಿನ ಸಲವೂ. ನನಗೆ ಹೆದರಿಕೆ ಹೋಗಿ ಒಂದು ತರಹದ ಸಲುಗೆಯೇ ಹುಟ್ಟಿತು. ಒಬ್ಬಳೇ ಹೋಗುವ ದಾರಿಯಲ್ಲಿ ನನ್ನನ್ನು ತಡೆದು ಮಾತಾಡಿಸಿ ಕಳಿಸುವ ಒಬ್ಬ ಹಿರಿಯ ಇದ್ದಾನೆ ಅನಿಸುತ್ತಿತ್ತು. ಸೀಟಿನ ಹಿಂದೆ ಕಾಯಿ, ಊದುಬತ್ತಿ, ಬೆಂಕಿಪೆಟ್ಟಿಗೆ ಯಾವಾಗಲೂ ಇರುತ್ತಿದ್ದವು.

ಆದರೆ ಗಂಡನಿಗೆ ಸುದ್ದಿ ಮುಟ್ಟಿತು. "ಏರಿನಲ್ಲಿ ಹಿಂದೆ ಲಾರಿ ಬರುವಾಗ ನಿಂತರೆ ಎಂತ ಮಾಡ್ತೀಯಾ?" ಎಂದು ಫೋನಿನಲ್ಲಿ ಕೇಳಿದರು. ನಮ್ಮ ಹೊಸ ವರ್ಷದ ಬಿಸುವಿಗೆ ರಜೆಯಲ್ಲಿ ಬರುವಾಗ ಗಾಡಿ ಕೊಟ್ಟುಬಿಡುವ, ಪಾಣೆಮಂಗಳೂರಿನಲ್ಲಿ ಒಬ್ಬರು ಕೇಳಿದ್ದಾರೆ, ರೊಟ್ಟಿ ಮೊದಲಿನ ಹಾಗೆ ಏಜೆಂಟ್ ಒಯ್ಯಲಿ ಎಂದರು. ಅವರ ಮಾತಿನಲ್ಲಿ ಕೇಡಿರಲಿಲ್ಲ, ಹೆದರಿಕೆ ಇತ್ತು. ನನಗೆ ಮಾತ್ರ ಅಡುಗೆಮನೆಯ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿದ ಹಾಗಾಯಿತು. ಬಿಸು ಹತ್ತಿರದಲ್ಲೇ ಇತ್ತು.

ಪೊರ್ಬುಗಳ ಬೆಂಚಿನಲ್ಲಿ ಕುಳಿತು ಕತೆ ಹೇಳಿದೆ. ಏರು ಹೇಳಿದೆ, ಲೋಡು ಹೇಳಿದೆ, ಫಿಲ್ಟರ್ ಬದಲಿಸಿದ್ದು ಹೇಳಿದೆ. ಅವರು ರೊಟ್ಟಿಚೂರು ತಿನ್ನುತ್ತ ಕೇಳಿದರು.

"ನಿಂತ ಮೇಲೆ ಎಂತ ಮಾಡಿದಿರಿ?"

"ಕಾದೆ."

"ಸುಮ್ಮನೆ?"

"ಸುಮ್ಮನೆ."

ಹುಬ್ಬು ಮೇಲೆ ಹೋಯಿತು. ನಾನು ಬೇರೆ ಕಡೆ ನೋಡಿದೆ. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರ ಮುಂದೆ ಗುಳಿಗನ ಸುದ್ದಿ ಎತ್ತಲು ಸಂಕೋಚ. ಅದಕ್ಕಿಂತ ಹೆಚ್ಚಾಗಿ, ತೆಂಗಿನಕಾಯಿ ಏನು ಇಂಜಿನಿನ ಬಿಡಿಭಾಗವೇ ಎಂದು ನನ್ನ ಯೋಚನೆ. ಕೀ ತಿರುಗಿಸುವಾಗ ಇಂಜಿನ್ ಸುತ್ತುವುದನ್ನು ತೋರಿಸುವ ಮೀಟರಿನ ಮುಳ್ಳು ಅಲ್ಲಾಡುತ್ತದೋ ಎಂದು ಕೇಳಿದರು. ನೋಡಿಲ್ಲ ಎಂದೆ. ಕಣ್ಣು ಮುಚ್ಚಿ ಗುಳಿಗನನ್ನು ನೆನೆಯುತ್ತ ಕೀ ತಿರುಗಿಸುವವಳಿಗೆ ಮುಳ್ಳು ಹೇಗೆ ಕಾಣಬೇಕು?

ಡೀಸೆಲ್ ಪೈಪಿನಲ್ಲಿ ಗಾಳಿ ಸೇರುತ್ತಿರಬೇಕು ಎಂದು ಪೊರ್ಬುಗಳು ಒಂದು ಪೈಪು ಬದಲಿಸಿದರು. ತಾವೇ ಮೂಡುಬಿದಿರೆ ಪೇಟೆಯವರೆಗೆ ಓಡಿಸಿ ತಂದರು. ಗಾಡಿ ನಿಲ್ಲಲಿಲ್ಲ. ಆದರೆ ನನ್ನ ಮುಂದಿನ ಟ್ರಿಪ್ಪಿನಲ್ಲಿ ಕಟ್ಟೆಯ ಬಳಿ ನಿಂತಿತು. ಫೋನ್ ಮಾಡಿದರೆ ಅವರು ಬೈಯಲಿಲ್ಲ. "ಪೈಪು ಅಲ್ಲ ಹಾಗಾದರೆ. ನಾನು ತಪ್ಪಿದೆ. ನಾಡಿದ್ದು ನಿಮ್ಮ ಒಟ್ಟಿಗೆ ನಾನೂ ಬರ್ತೇನೆ" ಎಂದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂಟ್ವಾಳಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಸಣ್ಣ ಚೀಲ. ದಾರಿಯುದ್ದ ಇಂಜಿನ್ ವಿಷಯವೇ ಇಲ್ಲ; ಅತ್ತೆ ಕೋಳಿಸಾರಿಗೆ ಯಾವ ಮೆಣಸು ಹಾಕುತ್ತಾರೆ ಎಂದೇ ವಿಚಾರಣೆ. ಏರಿನ ತಲೆ ಬಂತು. ಇಂಜಿನ್ ಆಫ್. ನಾನು ಹ್ಯಾಂಡ್ ಬ್ರೇಕ್ ಎಳೆದೆ. ಆಮೇಲೆ, ಆದದ್ದಾಗಲಿ ಎಂದು ಸೀಟಿನ ಹಿಂದೆ ಕೈ ಹಾಕಿ ಕಾಯಿ ತೆಗೆದೆ.

ನನ್ನ ಜತೆ ಅವರೂ ಇಳಿದರು. ಚಪ್ಪಲಿ ಬಿಚ್ಚಿಟ್ಟು ಕಟ್ಟೆಯಿಂದ ಸ್ವಲ್ಪ ಆಚೆ ಒಂದು ಕಲ್ಲಿನ ಮೇಲೆ ಕುಳಿತರು. ನಾನು ಕಾಯಿ ಒಡೆದೆ, ಊದುಬತ್ತಿ ಹಚ್ಚಿದೆ. ಅವರು ನನ್ನನ್ನೂ ನೋಡಲಿಲ್ಲ, ಗಾಡಿಯನ್ನೂ ನೋಡಲಿಲ್ಲ, ಊದುಬತ್ತಿಯನ್ನೇ ನೋಡುತ್ತಿದ್ದರು. ಅದು ಬೂದಿಯಾಗಿ ಬಾಗಿ ಬಿದ್ದ ಮೇಲೆ ಕೀ ತಿರುಗಿಸಿದೆ. ಚಾಲು ಆಯಿತು.

"ಇದನ್ನು ನೀವು ಬೆಂಚಿನಲ್ಲಿ ಹೇಳಲಿಲ್ಲ" ಎಂದರು.

"ಇದರಲ್ಲಿ ಹೇಳುವಂಥದ್ದು ಎಂತ ಉಂಟು ಪೊರ್ಬುಗಳೇ?"

"ಎಲ್ಲವೂ ಇದರಲ್ಲೇ ಉಂಟು" ಎಂದು ಅವರು ಹೊರಗೆ ನೋಡತೊಡಗಿದರು. ಮೂಡುಬಿದಿರೆಯಲ್ಲಿ ಇಳಿಯುವಾಗ, "ಮುಂದಿನ ಸಲ ಕಾಯಿ ತನ್ನಿ. ದೊಡ್ಡ ಬಾಟ್ಲಿಯಲ್ಲಿ ತಣ್ಣೀರೂ ತನ್ನಿ" ಎಂದರು.

ಮುಂದಿನ ಸಲ ಗಾಡಿ ನಿಂತ ಕೂಡಲೇ ಅವರು ಇಳಿದು ಕಟ್ಟೆಯ ಮುಂದೆ ಹೋದರು. ತಲೆಯ ಟೊಪ್ಪಿ ತೆಗೆದು ಎದೆಗೆ ಹಿಡಿದು, ಪಕ್ಕದ ಮನೆಯ ಹಿರಿಯರ ಹತ್ತಿರ ಏಣಿ ಕೇಳುವವರ ಹಾಗೆ ಹೇಳಿದರು: "ಸ್ವಾಮೀ, ಇವತ್ತು ಕಾಯಿ ಸ್ವಲ್ಪ ತಡ. ಮೊದಲು ನನ್ನದೊಂದು ಕೆಲಸ ಉಂಟು. ಬೇಜಾರು ಮಾಡಬೇಡಿ." ಆಮೇಲೆ ನನಗೆ, "ಕಣ್ಣು ಬಿಟ್ಟುಕೊಂಡು ಕೀ ತಿರುಗಿಸಿ. ಮುಳ್ಳು ನೋಡಿ" ಎಂದರು. ತಿರುಗಿಸಿದೆ. ಇಂಜಿನ್ ಗರಗರ ಸುತ್ತಿತು, ಮುಳ್ಳು ಸೊನ್ನೆಯಿಂದ ಕದಲಲಿಲ್ಲ. ಅವರು ಬಾನೆಟ್ ಎತ್ತಿ, ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಮೂಲೆಗೆ ಬಾಟ್ಲಿಯ ನೀರನ್ನು ಸಣ್ಣಗೆ, ಗಿಡಕ್ಕೆ ಹಾಕುವ ಹಾಗೆ ಸುರಿದರು. ಸೊಂಯ್ ಎಂದು ಹಬೆ ಎದ್ದಿತು. "ಈಗ."

ಮುಳ್ಳು ಎದ್ದಿತು. ಗಾಡಿ ಚಾಲು ಆಯಿತು. ಊದುಬತ್ತಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.

ಕ್ರ್ಯಾಂಕ್ ಸೆನ್ಸರ್ ಎಂದರು. ಇಂಜಿನ್ ತಿರುಗುತ್ತಿದೆ ಎಂದು ಗಾಡಿಯ ಕಂಪ್ಯೂಟರಿಗೆ ಹೇಳುವ ಹೆಬ್ಬೆರಳಷ್ಟು ದೊಡ್ಡ ವಸ್ತು. ಹಾಳಾಗತೊಡಗಿದ ಮೇಲೆ ಬಿಸಿ ಏರಿದರೆ ಅದರ ಬಾಯಿ ಕಟ್ಟುತ್ತದೆ. ಸುದ್ದಿ ಬರದಿದ್ದರೆ ಇಂಜಿನ್ ನಿಂತಿದೆ ಎಂದುಕೊಂಡು ಕಂಪ್ಯೂಟರ್ ಡೀಸೆಲ್ ನಿಲ್ಲಿಸುತ್ತದೆ. ಲೋಡು ಹೊತ್ತು ಏರು ಮುಗಿಸುವ ಹೊತ್ತಿಗೆ ಸರಿಯಾಗಿ ಅಷ್ಟು ಬಿಸಿ. ಒಂದು ಊದುಬತ್ತಿ ಉರಿಯುವ ಹೊತ್ತಿಗೆ ಸರಿಯಾಗಿ ಅದು ತಣ್ಣಗೆ.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬಂತು. "ಹಾಗಾದರೆ ಇಷ್ಟು ದಿನ ನಾನು ಕಲ್ಲಿನ ಹತ್ತಿರ ಒಬ್ಬಳೇ ಮಾತಾಡಿದ್ದಾ?" ಎಂದೆ. ಸೆನ್ಸರ್ ಸಿಕ್ಕಿತು, ಕಾಯುವವನು ಹೋದ ಎನ್ನುವ ದುಃಖ ಅದು.

ಪೊರ್ಬುಗಳು ಬಾನೆಟ್ ಮುಚ್ಚಿ ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ಬಂದರು. "ನನ್ನ ಸ್ಪ್ಯಾನರ್ ಕಾಣೆಯಾದರೆ ನಾನು ಸಂತ ಆಂತೋನಿಗೆ ಮೇಣದಬತ್ತಿ ಹಚ್ತೇನೆ. ಹುಡುಕುವುದು ನಾನೇ. ಆದರೆ ಬತ್ತಿ ಹಚ್ಚದಿದ್ದರೆ ಸಿಟ್ಟಿನಲ್ಲಿ ಇಡೀ ಗ್ಯಾರೇಜು ಬಿಸಾಡ್ತೇನೆ, ಸ್ಪ್ಯಾನರ್ ಸಿಗುವುದಿಲ್ಲ. ನಿಮಗೆ ಈ ಕಟ್ಟೆಯವರು ನಿಲ್ಲು ಅಂದರು, ನೀವು ನಿಂತಿರಿ. ನಿಲ್ಲದೆ ಕೀ ತಿರುಗಿಸ್ತಾ ಇದ್ದರೆ ಬ್ಯಾಟರಿ ಹೋಗಿ ಈ ಏರಿನಲ್ಲಿ ಲಾರಿ ಬಾಯಿಗೆ ಬೀಳ್ತಿದ್ದಿರಿ. ಯಾರು ಕಾದದ್ದು ಹಾಗಾದರೆ?" ಆಮೇಲೆ ಹೇಳಿದರು: "ಈಗ ಕಾಯಿ ಒಡೆಯಿರಿ. ಇಂಜಿನ್ ಚಾಲು ಇರುವಾಗಲೇ. ಬೇಡಲಿಕ್ಕೆ ಅಲ್ಲ, ಸುಮ್ಮನೆ ಕೊಡಲಿಕ್ಕೆ."

ಹೊಸ ಸೆನ್ಸರ್ ಹಾಕಿಸಿದ ಮೇಲೆ ಗಂಡ ಬಂದರು. ಪೊರ್ಬುಗಳು ನಮ್ಮ ಮನೆಗೇ ಬಂದು, ತುಂಬಿದ ಲೋಡಿನಲ್ಲಿ ನಾನೇ ಓಡಿಸಬೇಕು, ಗಂಡ ಪಕ್ಕದಲ್ಲಿ ಕೂರಬೇಕು ಎಂದು ಹೇಳಿ ನಮ್ಮಿಬ್ಬರನ್ನೇ ಕಳಿಸಿದರು. ಕಟ್ಟೆಯ ಬಳಿ ನಾನು ಗಾಡಿ ಬದಿಗೆ ಹಾಕಿದೆ. ಗಂಡ ಬಾಗಿಲ ಹಿಡಿಗೆ ಕೈ ಹಾಕಿದರು. "ನಿಂತಿತಾ?"

"ಇಲ್ಲ, ನಾನು ನಿಲ್ಲಿಸಿದೆ. ಇಂಜಿನ್ ಕೇಳ್ತದಲ್ಲ" ಎಂದೆ. ಇವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಪಾಣೆಮಂಗಳೂರಿನವರಿಗೆ ಸಂಜೆಯೇ ಫೋನ್ ಮಾಡಿ ಬರುವುದು ಬೇಡ ಎಂದರು. ಅಷ್ಟರಲ್ಲಿ ಮನೆಯಲ್ಲಿ ಅತ್ತೆಗೂ ಪೊರ್ಬುಗಳಿಗೂ ಎಂಥ ಮಾತುಕತೆ ಆಯಿತೋ ತಿಳಿಯದು. ಅಂದಿನಿಂದ ರೊಟ್ಟಿಚೂರಿನ ಪೊಟ್ಟಣದ ಜತೆಗೆ ಅತ್ತೆ ಕೋಳಿಸಾರಿನ ಮಸಾಲೆಯನ್ನೂ ಕಟ್ಟಿ ಕಳಿಸತೊಡಗಿದರು.

ಆಮೇಲೆ ನಾನು ಬೆಂಚಿನಲ್ಲಿ ಯಾವತ್ತೂ ಅರ್ಧ ಕತೆ ಹೇಳಲಿಲ್ಲ. ಅರ್ಧ ಹೇಳಿದವರು ಪೊರ್ಬುಗಳು.

ತೋಡಾರಿನ ಗ್ಯಾರೇಜಿನಿಂದ ಅವರ ಇಗರ್ಜಿಗೆ ಒಂದು ಏರು ದಾರಿ. ನಡುವೆ ರಸ್ತೆಬದಿಯಲ್ಲಿ ಒಂದು ಸಣ್ಣ ಶಿಲುಬೆ. ಒಂದು ಭಾನುವಾರ ಆ ದಾರಿಯಲ್ಲಿ ಬರುವಾಗ ಪೊರ್ಬುಗಳು ಅದರ ಕಟ್ಟೆಗೆ ಕೈಯೂರಿ ತಲೆ ತಗ್ಗಿಸಿ ನಿಂತದ್ದು ಕಂಡೆ. ಪ್ರಾರ್ಥನೆ ಎಂದುಕೊಂಡೆ. ಇನ್ನೊಂದು ದಿನವೂ ಹಾಗೆಯೇ. ಮೇಣದಬತ್ತಿ ಹಚ್ಚಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಏರು ಹತ್ತಿದರು. ಮೂರನೆಯ ಸಲ ಕಂಡಾಗ ಗಾಡಿ ನಿಧಾನ ಮಾಡಿ ನೋಡಿದೆ. ಅವರ ತುಟಿ ಅಲ್ಲಾಡುತ್ತಿರಲಿಲ್ಲ. ಅದು ಬೇಡುವವರ ನಿಲುವಲ್ಲ, ತಣಿಯುವುದಕ್ಕೆ ಕಾಯುವವರ ನಿಲುವು. ಅದು ಬೇರೆಯವರಿಗೆ ತಿಳಿಯದಿರಬಹುದು, ನನಗೆ ತಿಳಿಯದೆ ಇರುತ್ತದೆಯೇ?

ಗಾಡಿ ನಿಲ್ಲಿಸಿ ಕೇಳಿದೆ. "ಎಂತ ಮಾಡ್ತಾ ಇದ್ದೀರಿ ಪೊರ್ಬುಗಳೇ?"

"ಸುಮ್ಮನೆ" ಎಂದರು.

ಬಲಗಡೆಯ ಹುಬ್ಬು ಅಲ್ಲಾಡಲಿಲ್ಲ. ಮರುದಿನ ಅವರ ಬೆಂಚಿನಲ್ಲೇ ಅವರನ್ನು ಕೂರಿಸಿ ಕತೆ ಹೇಳಿ ಎಂದೆ. ನಗಾಡಿ ಹಾರಿಸಲು ನೋಡಿದರು. ಅವರ ಹೆಂಡತಿ, ನಾವು ಬಾಯಮ್ಮ ಎನ್ನುವವರು, ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಇಬ್ಬರೂ ಸೇರಿ ಹಟ ಹಿಡಿದು ಪಿಕಪ್ಪಿನಲ್ಲಿ ಹತ್ತಿಸಿ ಮೂಡುಬಿದಿರೆಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆವು. ಅಲ್ಲಿ ಪೊರ್ಬುಗಳು, "ಸ್ವಲ್ಪ ಸುಸ್ತು, ಗ್ಯಾಸ್ ಇರಬೇಕು" ಎಂದರು. ಡಾಕ್ಟರರು ಬರೆಯಲು ಪೆನ್ನು ತೆಗೆದರು.

"ಡಾಕ್ಟ್ರೇ, ಅವರು ಅರ್ಧ ಹೇಳ್ತಾ ಇದ್ದಾರೆ" ಎಂದೆ. "ಏರು ಹತ್ತುವಾಗ ನಿಲ್ತಾರೆ. ನಿಂತು ತಣಿದರೆ ಮತ್ತೆ ಹೋಗ್ತಾರೆ. ಸಮ ದಾರಿಯಲ್ಲಿ ಎಂತದೂ ಇಲ್ಲ. ಒಂದು ಮೇಣದಬತ್ತಿಯ ನೆಪ ಮಾಡಿ ನಿಲ್ಲುವುದು."

ಡಾಕ್ಟರರು ಪೆನ್ನು ಕೆಳಗಿಟ್ಟರು. ಪೊರ್ಬುಗಳು ನನ್ನನ್ನು ನೋಡಿದರು. ಆಗ ಹುಬ್ಬು ನಿಧಾನವಾಗಿ ಮೇಲೆ ಹೋಯಿತು. ಅದೇ ದಿನ ಮಂಗಳೂರಿಗೆ ಕಳಿಸಿದರು. ಹೃದಯದ ನಾಳ ಕಟ್ಟಿತ್ತು. ಸರಿಮಾಡಿಸಿಕೊಂಡು ಬಂದ ಮೇಲೆ ಭೇಟಿಯಾದಾಗ, "ನೀರು ಹೊಯ್ಯದೆ ಕಂಡುಹಿಡಿದಿರಿ ಅಕ್ಕಾ, ನನಗಿಂತ ಜೋರು" ಎಂದರು.

ಅದಾದ ಮೇಲೆ ಕೆಲವು ವರ್ಷ ಬೆಂಚಿನಲ್ಲಿ ಕತೆ ಕೇಳಿದರು, ರೊಟ್ಟಿಚೂರು ತಿಂದರು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಮಣ್ಣು ಮಾಡಿ ಬಂದ ಮೇಲೆ ಬಾಯಮ್ಮ ನನ್ನ ಕೈ ಹಿಡಿದುಕೊಂಡು, "ನಿಮ್ಮಿಂದ ಇಷ್ಟು ದಿನ ಸಿಕ್ಕಿದರು" ಎಂದರು. ಋಣ ತೀರಿತು ಎಂದು ನನಗೆ ಒಂದು ಗಳಿಗೆಯೂ ಅನಿಸಿಲ್ಲ. ಅವರ ನಿಲುವನ್ನು ಓದುವುದಕ್ಕೆ ನನಗೆ ಕಲಿಸಿದ್ದು ಅವರೇ, ನನ್ನ ಕೈಯಲ್ಲಿ ಸ್ಟಿಯರಿಂಗ್ ಉಳಿಸಿದ್ದೂ ಅವರೇ.

ಈಗಲೂ ಮೂಡುಬಿದಿರೆಯ ದಿನ ಚೂರುಗಳನ್ನು ಬೇರೆ ಪೊಟ್ಟಣ ಕಟ್ಟುತ್ತೇನೆ. ಬಾಯಮ್ಮನಿಗೆ ಹಲ್ಲಿಲ್ಲ, ಚಹಾದಲ್ಲಿ ನೆನೆಸಿ ತಿನ್ನುತ್ತಾರೆ. ಹೋಗುವಾಗ ಗುಳಿಗನಿಗೆ ಒಂದು ಊದುಬತ್ತಿ, ಬರುವಾಗ ಆ ಏರಿನ ಶಿಲುಬೆಯ ಬುಡದಲ್ಲಿ ಒಂದು ಮೇಣದಬತ್ತಿ. ಉರಿದು ಮುಗಿಯುವ ತನಕ ಎಲ್ಲಿಯೂ ಕಾಯುವುದಿಲ್ಲ. ಎರಡೂ ಕಡೆ ಗಾಡಿ ಚಾಲು ಇಟ್ಟೇ ಇಳಿಯುತ್ತೇನೆ.